ಇಂಚಿಗೆ ಸಾವಿರ ಕಿಲೋಮೀಟರ್

ನಮ್ಮ ಭಾವನನ್ನು ನಂಬಿ ನೀವು ಕಣ್ಣು ಮುಚ್ಚಿಕೊಂಡು ವಿಮಾನ ಹತ್ತಬಹುದು. ಆದರೆ ದಯವಿಟ್ಟು ಬ್ಲೌಸ್ ಪೀಸು ಮಾತ್ರ ಕೊಡಬೇಡಿ! ಬೆಂಗಳೂರಿನಲ್ಲಿ ಮೇಲೆದ್ದ ವಿಮಾನ ಲಂಡನ್ನಿನಲ್ಲಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಇಳಿಯುತ್ತದೆ ಎಂದು ಅವರು ನಿಂತ ನಿಲುವಿನಲ್ಲೇ ಹೇಳಬಲ್ಲರು. ನಿಮ್ಮ ಬ್ಲೌಸು ಯಾವತ್ತು ಸಿಗುತ್ತದೆ ಎಂದು ಕೇಳಿ ನೋಡಿ, "ನಾಳೆ ಬನ್ನಿ" ಎನ್ನುತ್ತಾರೆ. ಆ ನಾಳೆ ಯಾವತ್ತು ಬರುತ್ತದೆ ಎಂದು ಅವರಿಗೂ ಗೊತ್ತಿಲ್ಲ, ಅವರನ್ನು ಹುಟ್ಟಿಸಿದ ದೇವರಿಗೂ ಗೊತ್ತಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಗ್ರಹಾರದ ಒಂದು ಸಂದಿಯಲ್ಲಿ, ಎರಡು ದೇವಸ್ಥಾನಗಳ ನಡುವೆ, ಒಂದೇ ಬಾಗಿಲಿನ ಲೇಡೀಸ್ ಟೈಲರ್ ಅಂಗಡಿ ಅವರದು. ಮನೆ ಕುಂಬಾರಕೊಪ್ಪಲಿನಲ್ಲಿ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಸ್ಕೂಟರಿನಲ್ಲಿ ಓಡಾಡುವುದು ಬಿಟ್ಟರೆ ಅವರು ಪ್ರಯಾಣ ಮಾಡಿದ್ದೇ ಕಡಿಮೆ. ವಿಮಾನವನ್ನಂತೂ ಒಳಗಿನಿಂದ ನೋಡಿದವರೇ ಅಲ್ಲ. ಬ್ಲೌಸು ಕತ್ತರಿಸುವುದು, ಹೊಲಿಯುವುದು ಭಾವ. ಹೆಮ್ಮಿಂಗು, ಹುಕ್ಸು, ಕಾಜಾ ಎಲ್ಲ ಅಕ್ಕ. ಹೀಗೆ ನಲವತ್ತೆರಡು ವರ್ಷದಿಂದ ಸಂಸಾರ ನಡೆದಿದೆ.

ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಒಂದು ದೊಡ್ಡ ಗ್ಲೋಬ್ ಇದೆ. ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದನ್ನು ಭಾವ ಎತ್ತಿಕೊಂಡು ಬಂದದ್ದು. ತರುವಾಗ ಪೆಸಿಫಿಕ್ ಸಾಗರದಲ್ಲಿ ಅಂಗೈ ಅಗಲ ತೂತು ಬಿದ್ದಿತ್ತು. ಭಾವ ಬಿಡುತ್ತಾರೆಯೇ? ನೀಲಿ ಲೈನಿಂಗ್ ಬಟ್ಟೆಯ ತೇಪೆ ಹಾಕಿದರು! ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಭೂಮಧ್ಯರೇಖೆಯ ಸುತ್ತ ಹಿಡಿದು, ಒಳ್ಳೇ ಗಿರಾಕಿಯ ಅಳತೆ ತೆಗೆದವರ ಹಾಗೆ ಕೂಗಿ ಹೇಳಿದರು: "ಭೂಮ್ತಾಯಿ ಸೊಂಟ ನಲವತ್ತು! ಬರ್ಕೊಳೇ!"

ಅಕ್ಕ ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆದುಕೊಂಡೇಬಿಟ್ಟಳು. ನಾನು ಸುಮ್ಮನಿರಬಾರದಿತ್ತೇ? "ಭಾವ, ನಿಜವಾದ ಭೂಮಿ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರು" ಎಂದು ಬಾಯಿಬಿಟ್ಟೆ. ಅವರ ಕೈಲಿದ್ದ ಕತ್ತರಿ ಹಾಗೇ ನಿಂತಿತು.

"ಅಂಗಾದ್ರೆ ಇಂಚಿಗೆ ಸಾವ್ರ ಕಿಲೋಮೀಟರು ಅನ್ನು!"

ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ವಿಮಾನ ಗಂಟೆಗೆ ಹೆಚ್ಚುಕಡಿಮೆ ಒಂಬೈನೂರು ಕಿಲೋಮೀಟರ್ ಹೋಗುತ್ತದೆ ಎಂದು ಯಾರನ್ನೋ ಕೇಳಿ ತಿಳಿದುಕೊಂಡರು. ಅಂದರೆ ಇಂಚಿಗೆ ಒಂದು ಗಂಟೆ ಏಳು ನಿಮಿಷ. ಅದರ ಮೇಲೆ ಮಾರ್ಜಿನ್ನು ಬಿಡಬೇಕು. ಮಾರ್ಜಿನ್ನು ಬಿಡದೆ ಕತ್ತರಿ ಹಾಕುವ ಟೈಲರು ಟೈಲರೇ ಅಲ್ಲವಂತೆ! ಮೇಲೇಳುವುದಕ್ಕೆ ಅರ್ಧ ಗಂಟೆ, ಇಳಿಯುವುದಕ್ಕೆ ಅರ್ಧ ಗಂಟೆ. ಬೆಂಗಳೂರಿನಿಂದ ಲಂಡನ್ನು ಎಂಟು ಇಂಚು. ಮಾರ್ಜಿನ್ನು ಸೇರಿ ಹತ್ತು ಗಂಟೆಗೆ ನಾಲ್ಕು ನಿಮಿಷ ಕಡಿಮೆ. ಬೇಕಾದರೆ ಯಾರ ಟಿಕೆಟ್ಟನ್ನಾದರೂ ಇಸಿದುಕೊಂಡು ನೋಡಿ, ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ.

ಈ ವಿದ್ಯೆಯಿಂದ ಗಿರಾಕಿಗಳಿಗೆ ಏನಾದರೂ ಉಪಯೋಗವಾಯಿತೇ ಎನ್ನುತ್ತೀರಾ? ಅಯ್ಯೋ, ಅನಾಹುತವಾಯಿತು! ಮುಂಚೆ ವಿದೇಶಕ್ಕೆ ಹೋಗುವವರು "ನನ್ನ ಫ್ಲೈಟು ನಾಳಿದ್ದು" ಎಂದರೆ ಭಾವ ಹೆದರಿ ಬೇಗ ಹೊಲಿದುಕೊಡುತ್ತಿದ್ದರು. ಈಗ ಟೇಪು ಹಿಡಿದು ಲೆಕ್ಕ ಹಾಕಿ, ಇನ್ನೂ ಎಷ್ಟು ಹೊತ್ತು ಸತಾಯಿಸಬಹುದು ಎಂದು ಕಂಡುಹಿಡಿಯತೊಡಗಿದರು. ಲಂಡನ್ನಿನಲ್ಲಿ ಅಣ್ಣನ ಮಗಳ ಮದುವೆಗೆ ಹೊರಟಿದ್ದ ಒಬ್ಬರಿಗೆ ಹುಕ್ಸೇ ಹಾಕದ ಬ್ಲೌಸು ಕೊಟ್ಟು, "ಹತ್ತು ಗಂಟೆ ಸುಮ್ನೆ ಕೂತಿರ್ತೀರಲ್ಲಮ್ಮ, ಹುಕ್ಸು ನೀವೇ ಹಾಕ್ಕೊಂಬುಡಿ. ಟರ್ಕಿ ದಾಟೋದ್ರೊಳ್ಗೆ ಮುಗ್ದೋಗ್ತದೆ" ಎಂದರು.

"ಸೂಜಿ ಹಿಡ್ಕೊಂಡು ವಿಮಾನ ಹತ್ತೋಕೆ ಬಿಡ್ತಾರೇನ್ರೀ?" ಎಂದು ಆಕೆ ಹರಿಹಾಯ್ದರು. ಪಾಪ, ಅಕ್ಕನೇ ಅಲ್ಲೇ ನಿಂತ ಕಾಲ ಮೇಲೆ ಆರೂ ಹುಕ್ಸು ಹಾಕಿಕೊಟ್ಟಳು.

ಭಾವನ ವಿದ್ಯೆಯನ್ನು ನಂಬದಿದ್ದವರು ಒಬ್ಬರೇ, ಜಯಲಕ್ಷ್ಮಿಪುರದ ಡೈರೆಕ್ಟರು. ಸಿನಿಮಾ ಡೈರೆಕ್ಟರಲ್ಲ, ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರಾಗಿದ್ದು ನಿವೃತ್ತರಾದವರು. ಮಾತಾಡಿದರೆ ವಿಶಲ್ ಊದಿದ ಹಾಗಿರುತ್ತದೆ. ಹೆಂಡತಿಯ ಬ್ಲೌಸಿಗಾಗಿ ಆರನೇ ಸಲವೋ ಏಳನೇ ಸಲವೋ ಆಕೆಯ ಜೊತೆ ಬಂದು ಕಾಯುತ್ತಾ ಕೂತಿದ್ದಾಗ, ಭಾವ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಟೇಪು ಹಿಡಿದದ್ದನ್ನು ನೋಡಿದರು. ಟೇಪು ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ನೇರ ಮೇಲಕ್ಕೆ ಹತ್ತಿ ಉತ್ತರ ಧ್ರುವದ ಪಕ್ಕದಲ್ಲಿ ಹಾದು ಆ ಕಡೆ ಇಳಿಯಿತು!

"ಏನ್ರೀ ಇದು? ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೀರಿ. ಪೆಸಿಫಿಕ್ ಮೇಲೆ ಹೋಗುತ್ತೆ. ನಿಮ್ಮ ತೇಪೆ ಕಿತ್ತುಹೋಗುತ್ತೆ ಅಂತ ವಿಮಾನನ ಉತ್ತರ ಧ್ರುವಕ್ಕೆ ಕಳಿಸ್ತಿದ್ದೀರಾ?" ಎಂದು ಡೈರೆಕ್ಟರು ನಕ್ಕರು.

ಭಾವನಿಗೆ ಕೋಪ ಬಂತು. ಬ್ಲೌಸು ಬಿಗಿಯಾಯಿತು ಎಂದರೂ ಅಷ್ಟು ಕೋಪ ಬರುವುದಿಲ್ಲ. "ಸಾರ್, ಭೂಪಟ ಅನ್ನೋದು ಟೇಬಲ್ ಮೇಲೆ ಹಾಸಿದ ಬಟ್ಟೆ. ಭೂಮಿ ಅನ್ನೋದು ಮೈ! ಚಪ್ಪಟೆ ಬಟ್ಟೆ ಅಳ್ದು ಬ್ಲೌಸ್ ಹೊಲಿದ್ರೆ ಬಗಲಲ್ಲಿ ಹಿಡ್ಕೊಳ್ತದೆ. ಮೈ ಮೇಲೆ ಟೇಪ್ ಬಿಗಿಯಾಗಿ ಎಳ್ದು ನೋಡಿ, ಅದೇ ಹತ್ರದ ದಾರಿ."

"ಮೊನ್ನೆ ಸ್ಯಾನ್ ಫ್ರಾನ್ಸಿಸ್ಕೊದ ತಂಗಿ ಮನೆಗೆ ಹೋದಾಗ ಕಿಟಕೀಲಿ ಗಂಟೆಗಟ್ಟಲೆ ಬರೀ ಐಸೇ ಕಾಣ್ತಿತ್ತು ಅಂತ ನಾನು ಹೇಳಿರ್ಲಿಲ್ವಾ?" ಎಂದು ಡೈರೆಕ್ಟರ ಹೆಂಡತಿ ಮೂಲೆಯ ಸ್ಟೂಲಿನಿಂದ ಕೇಳಿದರು.

ಆಕೆಯ ಬ್ಲೌಸು ಅವತ್ತು ಸಂಜೆಯೇ ತಯಾರಾಯಿತು! ಅಂಗಡಿಯ ಚರಿತ್ರೆಯಲ್ಲಿ ಅಂಥದ್ದು ಅದಕ್ಕೆ ಮುಂಚೆ ನಡೆದಿರಲಿಲ್ಲ.

ಇಲ್ಲಿ ನಾನು ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ನಗು ಸ್ವಲ್ಪ ಹೊತ್ತು ಬದಿಗಿಡಿ. ಅಕ್ಕ ಪಿಯುಸಿಯಲ್ಲಿದ್ದಾಗ ನಡಿಗೆ ಸ್ಪರ್ಧೆಯಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದಳು. ಓಟವಲ್ಲ, ವೇಗದ ನಡಿಗೆ. ಒಂದು ಕಾಲು ಸದಾ ನೆಲದ ಮೇಲಿರಬೇಕು, ಸೊಂಟ ತಿರುಗಿಸಿಕೊಂಡು ನಡೆಯಬೇಕು. ಬೀದಿಯವರು ನಗುತ್ತಿದ್ದರು. ದಿಲ್ಲಿಯ ಪಂದ್ಯಕ್ಕೆ ಹೋಗುವುದಕ್ಕೆ ಪತ್ರವೂ ಬಂತು. ಅದೇ ವಾರ ಮದುವೆಯ ಮುಹೂರ್ತ ಸಿಕ್ಕಿತು. ಅದು ತಪ್ಪಿದರೆ ಮುಂದೆ ಆಷಾಢ. ದಿಲ್ಲಿಗೆ ಹೋಗುತ್ತೀಯೋ, ಹಸೆಮಣೆ ಏರುತ್ತೀಯೋ ಎಂದು ಅವಳನ್ನು ಯಾರೂ ಕೇಳಲೂ ಇಲ್ಲ. ನನಗಾಗ ಹತ್ತು ವರ್ಷ. ಲಾಡಿನ ಬುಟ್ಟಿಯ ಕಾವಲು ಬಿಟ್ಟರೆ ನನಗೆ ಬೇರೆ ಚಿಂತೆ ಇರಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಭಾವನಿಗೂ ಇದು ಗೊತ್ತಿರಲಿಲ್ಲ. ಮದುವೆಯಾಗಿ ಆರು ತಿಂಗಳಾದ ಮೇಲೆ, ಅಕ್ಕನ ಟ್ರಂಕಿನ ತಳದಲ್ಲಿ ಆ ಪತ್ರ ಸಿಕ್ಕಿತಂತೆ. ಪಂದ್ಯದ ತಾರೀಖು ನೋಡಿದರೆ ತಮ್ಮ ಧಾರೆಯ ದಿನ. "ನಾನೇ ಕಣೋ ಅಡ್ಡ ಬಂದೋನು" ಎಂದು ಒಂದು ಸಲ ನನ್ನ ಹತ್ತಿರ ಹೇಳಿದ್ದರು. ಅಕ್ಕನ ಮುಂದೆ ಆ ಮಾತು ಎತ್ತುವ ಧೈರ್ಯ ಮಾತ್ರ ಅವರಿಗೆ ಯಾವತ್ತೂ ಬರಲಿಲ್ಲ.

ಅಕ್ಕ ನಡೆಯುವುದನ್ನು ಬಿಟ್ಟಿರಲಿಲ್ಲ. ದಿನಾ ಬೆಳಗ್ಗೆ ಸೀರೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗಂಡಸರನ್ನೆಲ್ಲ ಹಿಂದೆ ಹಾಕಿಕೊಂಡು ಹೋಗುತ್ತಿದ್ದಳು. ಹಾಗೆ ಹಿಂದೆ ಬಿದ್ದವರಲ್ಲಿ ನಮ್ಮ ಡೈರೆಕ್ಟರೂ ಒಬ್ಬರು. ಅವರು ಏದುಸಿರು ಬಿಡುತ್ತಾ ಅಂಗಡಿಗೇ ಬಂದು, "ಬ್ರೆಜಿಲ್‌ನಲ್ಲಿ ಹಿರಿಯರ ಕ್ರೀಡಾಕೂಟ ಇದೆ. ಅರವತ್ತು ದಾಟಿದ ಹೆಂಗಸರ ನಡಿಗೆಗೆ ಇವರನ್ನ ಕರ್ಕೊಂಡು ಹೋಗ್ತೀನಿ. ಬರೆದಿಟ್ಕೊಳ್ಳಿ, ಪದಕ ಬರುತ್ತೆ!" ಎಂದರು. ಮುಂದೆ ಬೆಂಗಳೂರಿನಲ್ಲಿ ಆಯ್ಕೆಯೂ ಆಯಿತು, ಪಾಸ್‌ಪೋರ್ಟೂ ಬಂತು. ಖರ್ಚಿಗೆ ಏನು ಮಾಡಿದರು ಎಂದು ಕೇಳಬೇಡಿ, ಅದು ಬೇರೆಯೇ ಪ್ರಬಂಧ.

ಆದರೆ ಅಕ್ಕ ವಿಮಾನ ಹತ್ತಲು ಒಪ್ಪಬೇಕಲ್ಲ! "ತಿರುಪ್ತಿ ಆಚೆಗೆ ಹೋದೋಳಲ್ಲ ನಾನು. ಅಷ್ಟೊತ್ತು ಆಕಾಶ್ದಲ್ಲಿ ನೇತಾಡ್ಕೊಂಡಿರೋಕೆ ನನ್ನ ಕೈಲಾಗಲ್ಲ ಕಣ್ರೀ. ಈ ವಯಸ್ಸಲ್ಲಿ ಯಾಕೆ ಬೇಕು?" ಎಂದು ಕೂತುಬಿಟ್ಟಳು.

"ಎಷ್ಟೊತ್ತು ಅಂದ್ಕೊಂಡಿದೀರಿ? ಬೆಳಗ್ಗೆ ಹತ್ತಕ್ಕೆ ಬೆಂಗಳೂರು ಬಿಡ್ತೀವಿ, ಅದೇ ರಾತ್ರಿ ಹತ್ತಕ್ಕೆ ಸಾವೊ ಪಾಲೊ. ಬರೀ ಹನ್ನೆರಡು ಗಂಟೆ! ರಾತ್ರಿ ಮಲಗಿ, ಬೆಳಗ್ಗೆ ಎಂಟಕ್ಕೆ ಸ್ಪರ್ಧೆ" ಎಂದು ಡೈರೆಕ್ಟರು ಟಿಕೆಟ್ಟನ್ನು ಮಿಷನ್ನಿನ ಮೇಲೆ ಇಟ್ಟರು.

ಭಾವ ಟಿಕೆಟ್ಟು ನೋಡಲಿಲ್ಲ. ಟೇಪು ತೆಗೆದರು. ಬೆಂಗಳೂರಿನಿಂದ ದೋಹಾ ಮೂರು ಇಂಚು. ದೋಹಾದಿಂದ ಸಾವೊ ಪಾಲೊ ಹನ್ನೆರಡು ಇಂಚು. ಮಾರ್ಜಿನ್ನು ಎರಡು ಸಲ. ದೋಹಾದಲ್ಲಿ ವಿಮಾನ ಬದಲಾಯಿಸುವುದಕ್ಕೆ ಒಂದೂ ಮುಕ್ಕಾಲು ಗಂಟೆ. "ಇಪ್ಪತ್ತೂವರೆ ಗಂಟೆ! ಹದಿನೈದು ಇಂಚನ್ನ ಹನ್ನೆರಡು ಗಂಟೇಲಿ ಎಂಗೆ ಸಾರ್ ದಾಟ್ಸೀರಿ?"

"ಟಿಕೆಟ್‌ನಲ್ಲೇ ಬರೆದಿದೆಯಲ್ರೀ, ಹತ್ತರಿಂದ ಹತ್ತು!"

"ಅಲ್ಲಿ ಗಡಿಯಾರ ನಮ್ಗಿಂತ ಎಂಟೂವರೆ ಗಂಟೆ ಹಿಂದೆ ಅದೆ ಸಾರ್. ಅಷ್ಟನ್ನ ಒಳಕ್ಕೆ ಮಡಿಚಿ ಹೆಮ್ಮಿಂಗ್ ಮಾಡ್ಬುಟ್ಟವ್ರೆ. ಹೊಲಿಗೆ ಬಿಚ್ಚಿ ನೋಡಿ, ಹನ್ನೆರಡು ಹೋಗಿ ಇಪ್ಪತ್ತೂವರೆ ಆಯ್ತದೆ!"

ಡೈರೆಕ್ಟರು ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. ಮುಖ ಬಿಳಿಚಿಕೊಂಡಿತು. ಇಪ್ಪತ್ತೂವರೆ ಗಂಟೆ ಕಾಲು ಇಳಿಬಿಟ್ಟು ಕೂತ ಅರವತ್ತೊಂದರ ಹೆಂಗಸು, ಇಳಿದ ಹತ್ತು ಗಂಟೆಗೆ ಐದು ಕಿಲೋಮೀಟರ್ ನಡೆಯಬೇಕು! ಊದಿದ ಕಾಲು ಶೂಸಿನೊಳಗೆ ಹೋದರೆ ಸಾಕು, ಪದಕದ ಮಾತೆಲ್ಲಿ ಬಂತು? ಟಿಕೆಟ್ಟು ಬದಲಾಯಿಸುವುದಕ್ಕೆ ನೋಡಿದರೆ ಮುಂಚಿನ ವಿಮಾನದಲ್ಲಿ ಜಾಗವೇ ಇರಲಿಲ್ಲ.

"ಬುಡಿ, ನಂಗೆ ಅವತ್ತು ಆಗ್ದೇ ಇದ್ದದ್ದು ಮತ್ತೆ ಆಗ್ಲಿಲ್ಲ, ಅಷ್ಟೇ ತಾನೆ" ಎಂದಳು ಅಕ್ಕ. ಹೆಮ್ಮಿಂಗ್ ಮಾಡುತ್ತಿದ್ದ ಸೂಜಿಯಿಂದ ತಲೆ ಎತ್ತಲೇ ಇಲ್ಲ. ಆ "ಮತ್ತೆ" ಎನ್ನುವ ಮಾತು ಭಾವನ ಎದೆಗೆ ನಾಟಿತು. ಶಟರ್ ಅರ್ಧ ಎಳೆದು ಒಳಗೆ ಕೂತುಬಿಟ್ಟರು.

ಮಾರನೆಯ ಬೆಳಗ್ಗೆ ಹಳೇ ಟೇಪಿನಿಂದ ಹದಿನೈದು ಇಂಚು ಕತ್ತರಿಸಿ ತಂದು ಅಕ್ಕನ ಕೈಗೆ ಕೊಟ್ಟರು. ಒಂದೊಂದು ಇಂಚಿನ ಪಕ್ಕದಲ್ಲೂ ಶಾಯಿಯಲ್ಲಿ ಸಣ್ಣದಾಗಿ ಬರೆದಿತ್ತು: ಎರಡು, ಅರಬ್ಬೀ ಸಮುದ್ರ. ಮೂರು, ದೋಹಾ. ಆರು, ಸುಡಾನ್. ಒಂಬತ್ತರಿಂದ ಹದಿಮೂರು, ಬರೀ ನೀರು. ಹದಿನೈದು, ಇಳಿ.

"ಇಲ್ನೋಡೇ. ಇಪ್ಪತ್ತೂವರೆ ಗಂಟೆ ಅಂತ ಲೆಕ್ಕ ಹಾಕ್ಬೇಡ. ಹದಿನೈದೇ ಇಂಚು. ಒಂದು ಬ್ಲೌಸಿನ ಉದ್ದ ಅಷ್ಟೇಯ! ಇಂಚಿಗೊಂದು ಸಲ ಎದ್ದೇಳು. ವಿಮಾನದ ಮುಂದ್ಲಿಂದ ಹಿಂದ್ಲವರ್ಗೂ ನಾಕು ಸಲ ನಡಿ. ಒಂದು ಲೋಟ ನೀರು ಕುಡಿ. ಕೂತ್ಕೊ. ಮುಂದಿನ ಇಂಚು ಬಂದಾಗ ಮತ್ತೆ ಏಳು. ಕಾಲು ಅದೆಂಗೆ ಊದ್ಕೊಳ್ತದೋ ನಾನೂ ನೋಡ್ತೀನಿ!"

ಅಕ್ಕ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬ್ಲೌಸಿನ ಉದ್ದ ಎಂದರೆ ಅವಳಿಗೆ ಭಯವೇನು? ಅಂಥವು ಎಷ್ಟು ಸಾವಿರ ಅವಳ ಕೈಮೇಲೆ ಹಾದುಹೋಗಿವೆ! ಟೇಪನ್ನು ಮಣಿಕಟ್ಟಿಗೆ ಸುತ್ತಿಕೊಂಡು, "ಹೋಗ್ಬುಟ್ಟು ಬತ್ತೀನಿ" ಎಂದಳು.

ಅವಳು ಹೊರಟ ದಿನ ಭಾವ ಒಂದು ಬ್ಲೌಸಿಗೂ ಕೈ ಹಾಕಲಿಲ್ಲ. ಒಂದು ಗಂಟೆ ಏಳು ನಿಮಿಷಕ್ಕೊಮ್ಮೆ ಎದ್ದು ಅಂಗಡಿಯ ಮುಂದಿನ ಸಂದಿಯಲ್ಲಿ ನಾಲ್ಕು ಸುತ್ತು ನಡೆಯುವರು, ಒಂದು ಲೋಟ ನೀರು ಕುಡಿಯುವರು, ಬಂದು ಕೂರುವರು. "ಈಗ ಎದ್ದಿರ್ತಾಳೆ" ಎನ್ನುವರು. ಎದುರು ಅಂಗಡಿಯ ಹೂವಿನವಳು ಗಾಬರಿಯಾಗಿ ನನ್ನನ್ನು ಕರೆದು, "ಏನಣ್ಣ, ನಿಮ್ ಭಾವಂಗೆ ಸಕ್ಕರೆ ಕಾಯ್ಲೆ ಏನಾರ ಬಂತಾ?" ಎಂದು ಕೇಳಿದಳು. ಮಾರನೆಯ ಬೆಳಗ್ಗೆ ಸರಿಯಾಗಿ ಆರೂವರೆಗೆ ಭಾವ ಗ್ಲೋಬಿನ ಮೇಲೆ ಬೆರಳಿಟ್ಟು, "ಇಳೀತು" ಎಂದರು. ಆರು ನಲವತ್ತಕ್ಕೆ ಡೈರೆಕ್ಟರ ಮೆಸೇಜು ಬಂತು: ಇಳಿದೆವು. ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ನಾನು ಕೇಳಿದ್ದಕ್ಕೆ, "ಡೈರೆಕ್ಟ್ರು ಕನ್ನಡಕ ಹುಡುಕ್ತಿದ್ರೇನೋ" ಎಂದರು.

ಅವತ್ತು ಸಂಜೆ ನಾಲ್ಕೂವರೆಗೆ ಅಲ್ಲಿ ಬೆಳಗ್ಗೆ ಎಂಟು. ಅಂಗಡಿಯಲ್ಲಿ ಕಾಲಿಡುವುದಕ್ಕೆ ಜಾಗವಿರಲಿಲ್ಲ. ಬ್ಲೌಸು ಕೇಳಲು ಬಂದ ಹೆಂಗಸರೆಲ್ಲ ವಿಷಯ ತಿಳಿದು ಅಲ್ಲೇ ನಿಂತುಬಿಟ್ಟಿದ್ದರು. ಜಗಳವಾಡಲು ಬಂದವರೂ ದೇವಸ್ಥಾನದ ಕಡೆ ಕೈಮುಗಿದು ಕಾಯುತ್ತಿದ್ದರು! ಭಾವ ಮಿಷನ್ನಿನ ಮುಂದೆ ಕೂತು, ನೂಲೇ ಇಲ್ಲದ ಮಿಷನ್ನನ್ನು ತುಳಿಯುತ್ತಿದ್ದರು. ಐದು ಗಂಟೆಯಾಯಿತು. ಐದೂಕಾಲು. ಫೋನು ಬಡಿದುಕೊಂಡಿತು. ಭಾವ ಮುಟ್ಟಲಿಲ್ಲ, ನಾನೇ ತೆಗೆದೆ.

"ಮೂರ್ನೇದು ಕಣೋ! ಮೂರ್ನೇದು ಬಂದ್ಬುಟ್ಟೆ! ಕಂಚು!" ಅಕ್ಕನ ಕೂಗು ಇಡೀ ಅಂಗಡಿಗೆ ಕೇಳಿಸಿತು.

ಆಮೇಲಿನ ಗದ್ದಲವನ್ನು ಹೇಗೆ ವರ್ಣಿಸಲಿ? ಹೆಂಗಸರು ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆ ಹೊಡೆದರು. ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕದೆ ಕೈಗೆ ಸಿಕ್ಕಷ್ಟು ಕಿತ್ತು ಎಲ್ಲರಿಗೂ ಹಂಚಿದಳು, ಗ್ಲೋಬಿಗೂ ಒಂದು ತುಂಡು ಮುಡಿಸಿದಳು. ಫೋನಿನಲ್ಲಿ ಅಕ್ಕ ನಿಲ್ಲಿಸದೆ ಮಾತಾಡುತ್ತಿದ್ದಳು. ಇಂಚಿಗೊಂದು ಸಲ ಎದ್ದಳಂತೆ. ಐದನೇ ಇಂಚಿಗೆ ಗಗನಸಖಿ ಬಂದು ಹೊಟ್ಟೆ ಸರಿಯಿಲ್ಲವೇ ಎಂದು ಸನ್ನೆಯಲ್ಲಿ ಕೇಳಿದಳಂತೆ. ಏಳನೇ ಇಂಚಿಗೆ ಯಾವುದೋ ದೇಶದ ಮೂವರು ಅಜ್ಜಿಯರು ಎದ್ದು ಇವಳ ಹಿಂದೆ ಸಾಲಾಗಿ ನಡೆಯತೊಡಗಿದರಂತೆ! "ಆಫ್ರಿಕಾ ಪೂರ್ತಿ ನಡ್ದೇ ದಾಟ್ಬುಟ್ಟೆ ಕಣೋ! ಶೂಸು ಸಲೀಸಾಗಿ ಹೋಯ್ತು. ಡೈರೆಕ್ಟ್ರು ಮಾತ್ರ ಹದಿನಾಲ್ಕು ಗಂಟೆ ಗೊರ್ಕೆ ಹೊಡ್ದು, ಈಗ ಹವಾಯಿ ಚಪ್ಲೀಲಿ ನಿಂತವ್ರೆ."

ಡೈರೆಕ್ಟರೂ ಫೋನು ಇಸಿದುಕೊಂಡರು. ವಿಶಲ್ಲಿನ ದನಿ ಮೆತ್ತಗಾಗಿತ್ತು. "ನಿಮ್ಮ ಭಾವಂಗೆ ಹೇಳಿ, ಅವರ ಟೇಪಿಗೆ ನನ್ನ ನಮಸ್ಕಾರ."

ಭಾವ ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. ಸೇರಿದ ಹೆಂಗಸರನ್ನೆಲ್ಲ ಒಮ್ಮೆ ನೋಡಿ, "ಎಲ್ಲಾರ ಬ್ಲೌಸೂ ನಾಳೆ ಕೊಡ್ತೀನಿ!" ಎಂದು ಸಾರಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೆ ನಂಬಿ, ಕೊಟ್ಟರು! ಅಷ್ಟೂ ಬ್ಲೌಸಿಗೆ ತಾವೇ ಕೂತು ಹೆಮ್ಮಿಂಗ್ ಮಾಡಿ, ಹುಕ್ಸು ಹಾಕಿ ಕೊಟ್ಟರು. ಒಂದೆರಡು ಹುಕ್ಸು ಹಿಂದುಮುಂದಾಗಿದ್ದವು, ಯಾರೂ ಗಲಾಟೆ ಮಾಡಲಿಲ್ಲ.

ಅಕ್ಕ ವಾಪಸು ಬರುವ ದಿನ ನಾನೂ ಭಾವನೂ ಬಸ್ಸಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದೆವು. ನಿಮಿಷ ನಿಮಿಷದ ಲೆಕ್ಕ ಬಲ್ಲ ಮನುಷ್ಯ, ನಾಲ್ಕು ಗಂಟೆ ಮುಂಚೆಯೇ ಹೋಗಿ ಕಂಬಿ ಹಿಡಿದು ನಿಂತರು. "ಇನ್ನೂ ಅರಬ್ಬೀ ಸಮುದ್ರಾನೂ ಮುಟ್ಟಿಲ್ಲ ಭಾವ, ಕಾಫಿ ಕುಡಿಯೋಣ ಬನ್ನಿ" ಎಂದರೆ ಜಗ್ಗಲಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಸ್ವೆಟರ್ ಮೇಲೆ ಪದಕ. ನಗುನಗುತ್ತಾ ಬಂದವಳು ನಾಲ್ಕು ಹೆಜ್ಜೆಗೇ ಕುಂಟಿದಳು. ಗೆದ್ದ ಸುಸ್ತಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿದ್ದೆ ಹೊಡೆದಿದ್ದಳು, ಒಂದು ಇಂಚಿಗೂ ಎದ್ದಿರಲಿಲ್ಲ. ಶೂಸಿನ ಮೇಲೆ ಕಾಲು ಬನ್ನಿನಂತೆ ಉಬ್ಬಿತ್ತು.

ಭಾವ ಪದಕ ನೋಡಲಿಲ್ಲ. ಅವಳನ್ನು ಅಲ್ಲೇ ಒಂದು ಬೆಂಚಿನ ಮೇಲೆ ಕೂರಿಸಿ, ನೆಲಕ್ಕೆ ಮಂಡಿಯೂರಿ, ಶೂಸಿನ ದಾರ ಬಿಚ್ಚತೊಡಗಿದರು. ಸುತ್ತ ಜನ, ಟ್ರಾಲಿಗಳು. ನಮ್ಮ ಡೈರೆಕ್ಟರು ಏನೋ ಹೇಳಲು ಬಂದವರು ಹಿಂದೆ ಸರಿದು ನಿಂತರು.

"ಏಳ್ರೀ ಮೇಲೆ, ಜನ ನೋಡ್ತವ್ರೆ" ಎಂದು ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. ಅವರು ಬಿಡಲಿಲ್ಲ. ಅವಳಿಗೆ ನಗು ಬಂತು. "ಧಾರೆ ದಿನ ಕಾಲುಂಗುರ ತೊಡ್ಸೋಕೆ ಬಗ್ಗಿದ್ರಿ. ಆಮೇಲೆ ಇವತ್ತೇಯಾ ನನ್ ಕಾಲು ಮುಟ್ತಿರೋದು?"

ಭಾವ ತಲೆ ಎತ್ತಲಿಲ್ಲ. ಊದಿದ ಪಾದವನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು ನಿಧಾನವಾಗಿ ಒತ್ತುತ್ತಾ ಹೇಳಿದರು: "ಆವತ್ತು ಇದು ಎಂಥಾ ಕಾಲು ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣೇ. ನಾನೂ ಕೇಳ್ಲಿಲ್ಲ."

ಗೆದ್ದಾಗ ಕೂಗಿ ಕುಣಿದಿದ್ದ ನಮ್ಮಕ್ಕ ಅಲ್ಲೇ, ಅಷ್ಟು ಜನರ ನಡುವೆ, ಅವರ ತಲೆಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟಳು.